ಡ್ರಾಫ್ಟಲ್ಲೇ ಕೂತಿರೋ ಮೇಲು, ಗೊತ್ತಾಗದ ದಾರಿ

ಪ್ರಶ್ನೆ: ನಂಗೆ 36 ವರ್ಷ. 11 ವರ್ಷದಿಂದ ರಿಪೋರ್ಟಿಂಗ್ ಟೀಮಲ್ಲಿದೀನಿ, ಸೇಲ್ಸ್ ಡೇಟಾ ತಗೊಂಡು ತಿಂಗಳ ರಿಪೋರ್ಟ್ ಮಾಡೋದು, ಮೇಲಿನವ್ರಿಗೆ ಪ್ರೆಸೆಂಟ್ ಮಾಡೋದು. ಮೊದಲ 8 ವರ್ಷ ಚೆನ್ನಾಗೇ ಇತ್ತು. ಆಮೇಲೆ ಬಂದ ಮ್ಯಾನೇಜರ್ ಕೈಕೆಳಗೆ ಎರಡೂವರೆ ವರ್ಷ ಕೆಲಸ ಮಾಡ್ದೆ, ಪ್ರತಿ ಮೇಲ್ ತಿದ್ದೋರು, ಎಲ್ಲರ ಮುಂದೆ "ಇಷ್ಟೂ ಗೊತ್ತಿಲ್ವಾ" ಅನ್ನೋರು. ಅವ್ರು ಹೋಗಿ 7 ತಿಂಗಳಾಯ್ತು, ಈಗಿನ ಮ್ಯಾನೇಜರ್ ಒಳ್ಳೆಯವ್ರೇ. ಆದ್ರೂ ನಾಲ್ಕು ಸಾಲಿನ ಮೇಲ್ ಬರೆದು 40 ನಿಮಿಷ ಡ್ರಾಫ್ಟಲ್ಲಿಟ್ಕೊಂಡು ಕೂತಿರ್ತೀನಿ. ಮೀಟಿಂಗಲ್ಲಿ ಬಾಯೇ ಬರಲ್ಲ. ಜೂನಿಯರ್‌ಗಳು ಫಾರ್ಮುಲಾ ಕೇಳ್ಕೊಂಡು ಬಂದ್ರೆ ಅದೊಂದು ಸಲೀಸಾಗಿ ಹೇಳ್ಕೊಡ್ತೀನಿ ಅಷ್ಟೆ. ಇದು ನನ್ನ ಫೀಲ್ಡೇ ಅಲ್ವೇನೋ ಅನ್ಸುತ್ತೆ. ಡಿಸೈನ್, ಡೇಟಾ ಸೈನ್ಸ್, ಕಾರ್ಪೊರೇಟ್ ಟ್ರೈನಿಂಗ್ ಅಂತ ಮೂರು ಆನ್‌ಲೈನ್ ಕೋರ್ಸ್ ಸೇರಿ ಮೂರನ್ನೂ ಎರಡನೇ ಮಾಡ್ಯೂಲಲ್ಲೇ ಬಿಟ್ಟೆ. ನನ್ನ ದಾರಿ ಯಾವ್ದು, ಹೋದ ಕಾನ್ಫಿಡೆನ್ಸ್ ಹೆಂಗೆ ವಾಪಸ್ ಬರುತ್ತೆ? ಇನ್ನೊಂದು, ಇದನ್ನೆಲ್ಲ ಹೊಸ ಮ್ಯಾನೇಜರ್‌ಗೆ ಹೇಳ್ಬೇಕಾ ಬೇಡ್ವಾ?

ಉತ್ತರ: ಮೊದಲು ಆ 40 ನಿಮಿಷದ ಮೇಲ್ ಹಿಡ್ಕೊಳ್ಳೋಣ, ದಾರಿ ಗೀರಿ ಎಲ್ಲ ಆಮೇಲೆ ನೋಡೋಣ, ಯಾಕಂದ್ರೆ ನಿಮ್ಮ ಪತ್ರದಲ್ಲಿ ಅತಿ ನಿಖರವಾಗಿ ಬರೆದಿರೋ ಸಾಲು ಅದೇ. ನಾಲ್ಕು ಸಾಲು ಬರೆಯೋಕೆ ನಿಮಗೆ ಬಹಳ ಅಂದ್ರೆ 5 ನಿಮಿಷ ಸಾಕು. ಮಿಕ್ಕ 35 ನಿಮಿಷ ನೀವು ಏನ್ ಮಾಡ್ತಿರ್ತೀರಿ ಅಂತ ಒಂದ್ಸಲ ಗಮನಿಸಿ. ಆ ಮೇಲನ್ನ ನೀವು ಓದ್ತಿರಲ್ಲ, ಹಳೇ ಮ್ಯಾನೇಜರ್ ಕಣ್ಣಲ್ಲಿ ಓದಿಸ್ತಾ ಇರ್ತೀರಿ. "ಇದನ್ನ ನೋಡಿ ಏನಂತಾರೆ, ಈ ಪದ ಹಿಡ್ಕೊಂಡು ಏನ್ ಕೇಳ್ತಾರೆ" ಅಂತ. ಮನುಷ್ಯ ಹೋಗಿ 7 ತಿಂಗಳಾಗಿದೆ, ಕುರ್ಚಿ ಇನ್ನೂ ನಿಮ್ಮ ಪಕ್ಕದಲ್ಲೇ ಇದೆ.

ಇದನ್ನ ದೌರ್ಬಲ್ಯ ಅಂತ ಬರ್ಕೊಂಡುಬಿಡ್ಬೇಡಿ. ಎರಡೂವರೆ ವರ್ಷ ಆ ಜಾಗದಲ್ಲಿ ಪ್ರತಿ ಮೇಲನ್ನ ಹತ್ತು ಸಲ ನೋಡೋದು ಬುದ್ಧಿವಂತಿಕೆನೇ ಆಗಿತ್ತು, ನೋಡದೆ ಕಳಿಸಿದ್ರೆ ಪೆಟ್ಟು ಬೀಳ್ತಿತ್ತು. ನಿಮ್ಮ ಮೈಮನಸ್ಸು ಅದನ್ನ ಚೆನ್ನಾಗಿ ಕಲೀತು. ಈಗ ಜಾಗ ಬದಲಾಗಿದೆ, ಕಲಿತಿದ್ದು ಹೋಗಿಲ್ಲ. ಹಾವು ಕಚ್ಚಿಸ್ಕೊಂಡವನು ಹಗ್ಗ ಕಂಡ್ರೂ ಹಾರ್ತಾನೆ ಅಂತೀವಲ್ಲ, ಅವನ ಕಣ್ಣಲ್ಲಿ ದೋಷ ಏನಿಲ್ಲ, ಅವನ ಕಾಲಿಗೆ ನೆನಪಿದೆ ಅಷ್ಟೆ.

ನನ್ನದೂ ಒಂದು ಇದೆ, ಹೇಳ್ಬಿಡ್ತೀನಿ. ನನ್ನ ಮೊದಲ ಕೆಲಸದಲ್ಲಿ ಮೇಲಿನವರೊಬ್ರು ನಾನು ಕೊಟ್ಟ ರಿಪೋರ್ಟನ್ನ ಓದಿ, ಮೇಜಿನ ಆಚೆಯಿಂದ ಏನೂ ಹೇಳದೆ ವಾಪಸ್ ತಳ್ಳೋರು. ಬೈಗುಳಾನೂ ಇಲ್ಲ, ಕಾರಣಾನೂ ಇಲ್ಲ, ಬರೀ ತಳ್ಳೋದು. ಎಲ್ಲಿ ತಪ್ಪು ಅಂತ ನಾನೇ ಊಹಿಸ್ಬೇಕು. ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿ ವರ್ಷ ಆದ್ಮೇಲೆ ಅಲ್ಲಿನ ಸಹೋದ್ಯೋಗಿ ಒಬ್ಳು ನನ್ನ ಎರಡು ಪುಟದ ಟಿಪ್ಪಣಿ ಓದಿ, ಪೆನ್ನಲ್ಲಿ ಅಲ್ಲಲ್ಲಿ ಸುತ್ತು ಹಾಕಿ, "14 ಸಲ 'ಬಹುಶಃ' ಬರ್ದಿದೀಯ, ನಿಂಗೇ ಗೊತ್ತಿಲ್ದಿದ್ರೆ ನಾವ್ ಯಾಕೆ ಓದ್ಬೇಕು" ಅಂತ ನಕ್ಕಳು. ನಂಗೆ ಒಂದೂ ನೆನಪಿರಲಿಲ್ಲ, ಎಲ್ಲಾ ಕೈಯೇ ಬರ್ಕೊಂಡ್ಬಿಟ್ಟಿತ್ತು. ಯಾರೂ ತಳ್ಳಬಾರದು ಅಂತ ಪ್ರತಿ ವಾಕ್ಯಕ್ಕೂ ಮೊದಲೇ ಒಂದು ತಪ್ಪೊಪ್ಪಿಗೆ.

ಈಗ ಕಾನ್ಫಿಡೆನ್ಸ್ ವಿಚಾರ. ಇದನ್ನ ನಾವು ಒಂದು ಟ್ಯಾಂಕ್ ಥರ ಮಾತಾಡ್ತೀವಿ, ತುಂಬಿದೆ, ಖಾಲಿಯಾಗಿದೆ ಅಂತ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದಿದ್ದು ಬೇರೆ ಥರ ಇದೆ. "ಈ ಕೆಲಸ ನನ್ನ ಕೈಲಾಗುತ್ತೆ" ಅನ್ನೋ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಥರ ಇರುತ್ತೆ, ಅದು ಬರೋದು ನಾಲ್ಕು ಕಡೆಯಿಂದ ಅಂತ ಅವ್ರ ವಾದ: ತಾನೇ ಮಾಡಿ ಮುಗಿಸಿದ ಅನುಭವ, ತನ್ನಂಥವರು ಮಾಡೋದನ್ನ ನೋಡೋದು, ಬೇರೆಯವರ ಮಾತು, ಆ ಹೊತ್ತಲ್ಲಿ ಮೈ ಹೆಂಗಿದೆ ಅನ್ನೋದು. ಇದ್ರಲ್ಲಿ ಅತಿ ಗಟ್ಟಿ ಮೊದಲನೇದು. ಮಾತಿನಿಂದ ಬಂದಿದ್ದು ಬೇಗ ಇಳಿದುಹೋಗುತ್ತೆ. ಮನೆಯವ್ರು, ಫ್ರೆಂಡ್ಸು "ನೀನು ತುಂಬಾ ಕೇಪಬಲ್" ಅಂತ ಎಷ್ಟು ಹೇಳಿದ್ರೂ ನಿಮಗೆ ಅಂಟ್ಕೊಳ್ಳದೆ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಅವ್ರು ಸುಳ್ಳು ಹೇಳ್ತಿಲ್ಲ, ನೀವೂ ಮೊಂಡು ಅಲ್ಲ, ಆ ಸಾಮಾನು ಅಷ್ಟೇ ದಿನ ಬಾಳಿಕೆ ಬರೋದು.

ಒಂದೊಂದು ಕೆಲಸಕ್ಕೆ ಒಂದೊಂದು ಥರ ಅಂದ್ನಲ್ಲ, ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಜೂನಿಯರ್‌ಗಳಿಗೆ ಫಾರ್ಮುಲಾ ಹೇಳ್ಕೊಡೋದು "ಅದೊಂದು, ಅಷ್ಟೆ" ಅಂತ ಬಾಲಕ್ಕೆ ಅಂಟಿಸಿ ದಾಟಿಹೋಗಿದೀರಿ. ನಾನು ಅಲ್ಲೇ ನಿಂತೆ. ಒಬ್ಬರು ತಪ್ಪಾದ ಶೀಟ್ ತಂದು ಮುಂದಿಟ್ಟಾಗ, ಎಲ್ಲಿ ಮುರಿದಿದೆ ಅಂತ ಕಂಡುಹಿಡಿದು, ಅವ್ರಿಗೆ ಅರ್ಥ ಆಗೋ ಹಾಗೆ ಹೇಳಿ ಕಳಿಸೋದು, ಅದೂ ಎದುರಲ್ಲಿ ಕೂತು, ಡ್ರಾಫ್ಟ್ ಇಲ್ಲದೆ, ಎರಡನೇ ಸಲ ಯೋಚಿಸದೆ. ಇದೇ ಡೇಟಾ, ಇದೇ ಆಫೀಸು, ಇದೇ ನೀವು. ಅಂದ್ರೆ ಕಾನ್ಫಿಡೆನ್ಸ್ ಎಲ್ಲಾ ಕಡೆ ಹೋಗಿಲ್ಲ. ಎಲ್ಲಿ ನಿಮ್ಮನ್ನ ಯಾರಾದ್ರೂ ಅಳೀತಾರೆ ಅನ್ಸುತ್ತೋ ಅಲ್ಲಿ ಮಾತ್ರ ಹೋಗಿದೆ. ಇದು ಸಣ್ಣ ವ್ಯತ್ಯಾಸ ಅಲ್ಲ. ಫೀಲ್ಡೇ ತಪ್ಪು ಅಂತಾಗಿದ್ರೆ ಜೂನಿಯರ್ ಬಂದಾಗ್ಲೂ ನಿಮಗೆ ಬೇಜಾರಾಗ್ಬೇಕಿತ್ತು.

ಆ ಮ್ಯಾನೇಜರ್ ಬಗ್ಗೆ ಎರಡು ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ನಮ್ಮ ತಲೇಲಿ ಎಷ್ಟು ಬೇರೂರಿದೆ ಅಂದ್ರೆ, ನೆಲ ನಿಜವಾಗ್ಲೂ ಡೊಂಕಿದ್ದಾಗ್ಲೂ ನಾವು ಬಾಯ್ಬಿಡಲ್ಲ, ನಂಗೇ ಕುಣಿಯೋಕೆ ಬರಲ್ಲ ಅಂತ ಒಪ್ಕೊಂಡ್ಬಿಡ್ತೀವಿ. ಕ್ಲೂಗರ್ ಮತ್ತು ಡೆನಿಸಿ ಅನ್ನೋ ಇಬ್ಬರು ಸಂಶೋಧಕರು 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅಲ್ಲಿವರೆಗೆ ಆಗಿದ್ದ ನೂರಾರು ಪ್ರಯೋಗಗಳ ಫಲಿತಾಂಶ ಒಟ್ಟು ಹಾಕಿ ನೋಡಿದ್ರು. ಸರಾಸರಿ ತಗೊಂಡ್ರೆ ಫೀಡ್‌ಬ್ಯಾಕ್ ಇಂದ ಕೆಲಸ ಸುಧಾರಿಸುತ್ತೆ, ಸರಿ, ಆದ್ರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಅವ್ರು ಕೊಟ್ಟ ವಿವರಣೆ ಏನಂದ್ರೆ, ಗಮನ ಕೆಲಸದಿಂದ ಜಾರಿ ಮನುಷ್ಯನ ಕಡೆ ತಿರುಗಿದಷ್ಟೂ ಫೀಡ್‌ಬ್ಯಾಕ್ ಕೆಲಸಕ್ಕೆ ಬರೋದು ಕಮ್ಮಿ ಆಗುತ್ತೆ ಅಂತ. "ಮೂರನೇ ಕಾಲಮ್ಮಿನ ಮೊತ್ತ ಹೊಂದ್ತಿಲ್ಲ" ಅಂದ್ರೆ ಕಣ್ಣು ಕಾಲಮ್ಮಿಗೆ ಹೋಗುತ್ತೆ. "ಇಷ್ಟೂ ಗೊತ್ತಿಲ್ವಾ" ಅಂದ್ರೆ ಕಣ್ಣು ಎಲ್ಲಿಗೆ ಹೋಗುತ್ತೆ ಹೇಳಿ? ಕಾಲಮ್ಮು ಹಂಗೇ ತಪ್ಪಾಗೇ ಕೂತಿರುತ್ತೆ.

ಆದ್ರೆ ಆ ಮನುಷ್ಯ ಹೇಳಿದ್ದೆಲ್ಲ ತಪ್ಪು ಅಂತ ಎತ್ತಿ ಬಿಸಾಡೋಕೂ ಹೋಗ್ಬೇಡಿ. ಎರಡೂವರೆ ವರ್ಷದಲ್ಲಿ ಒಂದಷ್ಟಾದ್ರೂ ಸರಿ ಇದ್ದಿರುತ್ತೆ, ಅದನ್ನ ಬಿಸಾಡಿದ್ರೆ ಒಳಗೊಳಗೇ "ಆದ್ರೂ ಅವ್ರು ಹೇಳಿದ್ದು ನಿಜ ಅಲ್ವಾ" ಅಂತ ಕೊರೀತಾನೇ ಇರುತ್ತೆ. ನನ್ನ ಹತ್ರ ಬಂದಿದ್ದ ಒಬ್ರಿಗೆ ಹೀಗೆ ಮಾಡಿಸಿದ್ದೆ: ನೆನಪಿರೋ ಟೀಕೆ ಎಲ್ಲಾ ಒಂದೊಂದು ಚೀಟಿ ಮೇಲೆ ಬರೀರಿ, ಅವ್ರ ಪದಗಳಲ್ಲೇ, ಆಮೇಲೆ ಮೂರು ಗುಡ್ಡೆ ಮಾಡಿ ಅಂದೆ. ಕೆಲಸದ ಬಗ್ಗೆ ಹೇಳಿದ್ದು ಒಂದು, ಅವ್ರ ರುಚಿಗೆ ಸರಿಹೋಗದೆ ಹೇಳಿದ್ದು ಇನ್ನೊಂದು (ಫಾಂಟು, "ಡಿಯರ್" ಬೇಕಾ ಬೇಡ್ವಾ, ಈ ಥರದ್ದು), ನಿಮ್ಮ ಬಗ್ಗೆ ಹೇಳಿದ್ದು ಮತ್ತೊಂದು. 23 ಚೀಟಿ ಆಯ್ತು. ಕೆಲಸದ ಗುಡ್ಡೆಯಲ್ಲಿ 5 ಇತ್ತು. ಆ ಐದರಲ್ಲಿ ಮೂರನ್ನ ಆಗ್ಲೇ ಸರಿ ಮಾಡ್ಕೊಂಡಿದ್ರು. ಉಳಿದಿದ್ದು ಎರಡು: ರಿಪೋರ್ಟಲ್ಲಿ ಮುಖ್ಯ ವಿಷಯ ಕೊನೇ ಪುಟಕ್ಕೆ ಹೋಗುತ್ತೆ, ಡೆಡ್‌ಲೈನ್ ತಪ್ಪೋದನ್ನ ತಡವಾಗಿ ಹೇಳ್ತಾರೆ ಅಂತ. ಅವ್ರು ಆ ಎರಡು ಚೀಟಿ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ರು, ಆಮೇಲೆ "ಇಷ್ಟೇನಾ" ಅಂದ್ರು. ನೀವೂ ಮಾಡಿ ನೋಡಿ, ತಲೆ ಒಳಗೆ ಬೇಡ, ಕಾಗದದ ಮೇಲೇ ಆಗ್ಬೇಕು.

ದಾರಿ ಬಗ್ಗೆ ಮಾತಾಡೋ ಮುಂಚೆ ಇನ್ನೊಂದು ತಪಾಸಣೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನೋದಕ್ಕೆ ಒಂದು ವಿವರಣೆ ಕೊಡ್ತು. ರೋಗ ಅಂತಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ಮೂರು ಲಕ್ಷಣ: ಶಕ್ತಿಯೇ ಬತ್ತಿಹೋಗೋದು, ಕೆಲಸದಿಂದ ಮನಸ್ಸು ದೂರ ಸರಿಯೋದು ಅಥವಾ ಅದರ ಬಗ್ಗೆ ಕಹಿ ಹುಟ್ಟೋದು, ಮತ್ತೆ ತನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ಆ ಮೂರನೇದನ್ನ ಇನ್ನೊಂದ್ಸಲ ಓದಿ. "ನನ್ನ ಕೈಲಿ ಆಗಲ್ಲ" ಅನ್ನೋದೇ ದಣಿವಿನ ಲಕ್ಷಣ ಆಗಿರ್ಬಹುದು, ಅದನ್ನ ನಿಮ್ಮ ಸಾಮರ್ಥ್ಯದ ರಿಪೋರ್ಟ್ ಕಾರ್ಡ್ ಅಂತ ಓದಿದ್ರೆ ಲೆಕ್ಕ ತಪ್ಪುತ್ತೆ. ಭಾನುವಾರ ಸಂಜೆ ಒಂದು ಥರ ಅನ್ಸೋದು, ನಾಲ್ಕು ದಿನ ರಜೆ ಹಾಕಿದ್ಮೇಲೆ ಬೇರೆ ಥರ ಅನ್ಸೋದು ಇದ್ರೆ, ಫೀಲ್ಡ್ ಬದಲಾಯಿಸೋ ತೀರ್ಮಾನ ಭಾನುವಾರ ಸಂಜೆ ತಗೋಬೇಡಿ. ನಿದ್ದೆ, ಹಸಿವು ಕೆಟ್ಟು ಎರಡು ವಾರಕ್ಕಿಂತ ಜಾಸ್ತಿ ಆಗಿದ್ರೆ, ಕೆಲಸದ ಆಚೆಗೂ ಯಾವುದ್ರಲ್ಲೂ ಆಸಕ್ತಿ ಉಳಿದಿಲ್ಲ ಅಂದ್ರೆ, ಬದುಕೇ ಬೇಡ ಅನ್ನೋ ಯೋಚನೆ ಬಂದ್ರಂತೂ ಕಾಯದೆ ಡಾಕ್ಟರ್ ಹತ್ರ ಹೋಗಿ, ಕರಿಯರ್ ಸಲಹೆ ಎಲ್ಲ ಆಮೇಲೆ.

ಸರಿ, ಅದಿಲ್ಲ ಅಂತ ಇಟ್ಕೊಂಡು ಮುಂದೆ ಹೋಗೋಣ. ಮೇಲ್‌ಗೆ ಏನ್ ಮಾಡೋದು?

ದೊಡ್ಡ ಮೇಲ್ ಮುಟ್ಬೇಡಿ ಈಗ. ಮೇಲಿನವ್ರಿಗೆ ಹೋಗೋದು, ಕ್ಲೈಂಟಿಗೆ ಹೋಗೋದು, ಅವೆಲ್ಲ ಬೇಕಾದ್ರೆ ಸದ್ಯಕ್ಕೆ 40 ನಿಮಿಷನೇ ತಗೊಳ್ಳಿ. ಮೊದಲ ವಾರ, ತಪ್ಪಾದ್ರೂ ಏನೂ ಮುಳುಗದ ಮೇಲ್‌ಗಳು ಮಾತ್ರ: ಫೈಲ್ ಸಿಕ್ತು, ನಾಳೆ ಕಳಿಸ್ತೀನಿ, ಮೀಟಿಂಗ್ ಮೂರು ಗಂಟೆಗೆ ಇಟ್ಕೊಳ್ಳೋಣ. ಬರೀರಿ, ಎರಡು ಸಲ ಓದಿ, ಕಳಿಸಿ. ಮೂರನೇ ಸಲ ಓದೋಕೆ ಇಲ್ಲ. ಕಳಿಸೋ ಮುಂಚೆ ಒಂದು ನೋಟ್‌ಬುಕ್ಕಲ್ಲಿ ಒಂದೇ ಸಾಲು, "ಏನಾಗುತ್ತೆ ಅಂತ ಹೆದರಿಕೆ" ಅಂತ. ಸಂಜೆ ಅದ್ರ ಪಕ್ಕದಲ್ಲಿ "ಏನಾಯ್ತು" ಅಂತ. ಮೊದಲ ದಿನಗಳಲ್ಲಿ ಎಡಗಡೆ ಉದ್ದುದ್ದ ಇರುತ್ತೆ, "ಇದು ನಂಗೇ ಗೊತ್ತಿರ್ಬೇಕಿತ್ತು ಅಂತಾರೆ, ಬೇರೆಯವ್ರನ್ನೂ ಸಿಸಿ ಹಾಕ್ತಾರೆ" ಅಂತೆಲ್ಲ, ಬಲಗಡೆ "ಓಕೆ ಅಂತ ರಿಪ್ಲೈ ಬಂತು" ಅಷ್ಟೆ. ಇದು ಎರಡು ದಿನ ಮಾಡಿದ್ರೆ ಏನೂ ಆಗಲ್ಲ. ನಾಲ್ಕು ವಾರದ ಪುಟಗಳು ಒಟ್ಟಿಗೆ ತಿರುವಿ ಹಾಕಿದಾಗ ಆಗುತ್ತೆ. ಎರಡನೇ ವಾರದಿಂದ ಸ್ವಲ್ಪ ತೂಕದ ಮೇಲ್‌ಗಳಿಗೆ ಹತ್ತಿ.

ಇಲ್ಲೊಂದು ಕಳ್ಳದಾರಿ ಇದೆ, ಎಲ್ಲರೂ ಅದ್ರಲ್ಲಿ ಹೋಗ್ತಾರೆ, ನೀವೂ ಹೋಗ್ತಿರ್ತೀರಿ ಅಂತ ನನ್ನ ಗುಮಾನಿ. ಕಳಿಸೋ ಮುಂಚೆ ಪಕ್ಕದವ್ರಿಗೆ "ಒಂದ್ಸಲ ನೋಡ್ತೀರಾ, ಸರಿ ಇದೆಯಾ" ಅಂತ ತೋರಿಸೋದು. ಆಗ ಮೇಲ್ ಸರಿಯಾಗೇ ಹೋಗುತ್ತೆ, ಆದ್ರೆ ಅದು ಸರಿ ಹೋಗಿದ್ದಕ್ಕೆ ಅವ್ರು ಕಾರಣ ಅಂತ ನಿಮ್ಮ ಮನಸ್ಸು ಖಾತೆಗೆ ಬರ್ಕೊಳ್ಳುತ್ತೆ, ನಿಮ್ಮ ಖಾತೆಗೆ ಏನೂ ಜಮೆ ಆಗಲ್ಲ. ದೊಡ್ಡ ರಿಪೋರ್ಟಿಗೆ ಇನ್ನೊಂದು ಕಣ್ಣು ಬೇಕು, ಅದು ಕೆಲಸದ ಪದ್ಧತಿ. ನಾಲ್ಕು ಸಾಲಿನ ಮೇಲ್‌ಗೆ ಬೇಡ.

ಮೀಟಿಂಗಲ್ಲಿ ಬಾಯಿ ಬರಲ್ಲ ಅಂದ್ರಲ್ಲ. ಅಭಿಪ್ರಾಯ ಹೇಳೋಕೆ ಹೋಗ್ಬೇಡಿ ಈಗ್ಲೇ, ಅಭಿಪ್ರಾಯಕ್ಕೆ ಬೆನ್ನುಮೂಳೆ ಬೇಕು, ಅದು ಬರುತ್ತೆ ಆಮೇಲೆ. ಪ್ರಶ್ನೆ ಒಂದನ್ನ ಮೊದಲೇ ಬರ್ಕೊಂಡು ಹೋಗಿ, "ಈ ನಂಬರು ವಾಪಸ್ ಬಂದ ಆರ್ಡರ್ ಕಳೆದ ಮೇಲಿನದಾ, ಮುಂಚಿನದಾ" ಈ ಥರದ್ದು, ಮತ್ತೆ ಅದನ್ನ ಮೊದಲ 10 ನಿಮಿಷದಲ್ಲೇ ಕೇಳಿಬಿಡಿ. ಕಾದಷ್ಟೂ ಗಂಟಲು ಒಣಗುತ್ತೆ, ಅರ್ಧ ಗಂಟೆ ಸುಮ್ನೆ ಕೂತಮೇಲೆ ಬಾಯಿ ತೆಗೆದ್ರೆ ಎಲ್ಲರೂ ತಿರುಗಿ ನೋಡ್ತಾರೆ, ಆ ತಿರುಗೋದೇ ಸಾಕು ಮರೆತುಹೋಗೋಕೆ. ಧ್ವನಿ ನಡುಗಿದ್ರೆ ನಡುಗಲಿ, ನಿಮಗೆ ಕೇಳಿಸಿದಷ್ಟು ಬೇರೆಯವ್ರಿಗೆ ಕೇಳಿಸಲ್ಲ.

ಶುಕ್ರವಾರ 15 ನಿಮಿಷ ಇಟ್ಕೊಂಡು ಆ ವಾರ ಏನ್ ಮುಗಿಸಿದ್ರಿ ಅಂತ ಬರೀರಿ. ಮುಗಿಸಿದ್ದು ಮಾತ್ರ, ಪ್ರಯತ್ನಪಟ್ಟಿದ್ದು ಬೇಡ. "ಎರಡು ರೀಜನ್ ಲೆಕ್ಕ ಹೊಂದ್ತಿರಲಿಲ್ಲ, ಒಂದೇ ಇನ್‌ವಾಯ್ಸ್ ಎರಡು ಸಲ ಎಂಟ್ರಿ ಆಗಿತ್ತು, ಹಿಡಿದೆ" ಅಂತ ಒಂದು ಸಾಲು ಸಾಕು. ಸುಮ್ನೆ ನೆನಪಿಟ್ಕೊಂಡ್ರೆ ಸಾಲದಾ ಅಂದ್ರೆ, ಸಾಲಲ್ಲ. ಕೆಟ್ಟದ್ದು ಒಳ್ಳೇದಕ್ಕಿಂತ ಗಟ್ಟಿಯಾಗಿ ಮನಸ್ಸಲ್ಲಿ ಕೂರುತ್ತೆ ಅಂತ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಅವ್ರ ಸಂಗಡಿಗರು 2001ರಲ್ಲಿ ಹತ್ತಾರು ಕ್ಷೇತ್ರದ ಸಂಶೋಧನೆ ಜೋಡಿಸಿ ತೋರಿಸಿದ್ರು. ಒಂದು ಬೈಗುಳ ವರ್ಷಗಟ್ಟಲೆ ಪದಶಃ ನೆನಪಿರುತ್ತೆ, ಹೋದ ತಿಂಗಳು ಹಿಡಿದ ತಪ್ಪು ಎಂಟ್ರಿ ಈ ತಿಂಗಳಿಗೆ ಮರೆತಿರುತ್ತೆ. ಅಪ್ರೈಸಲ್ ಫಾರ್ಮ್ ತುಂಬೋ ದಿನ ಖಾಲಿ ಪರದೆ ನೋಡ್ಕೊಂಡು "ನಾನೇನ್ ಮಾಡ್ದೆ ಈ ವರ್ಷ" ಅಂತ ಕೂರೋದೂ ಇದ್ರಿಂದ ತಪ್ಪುತ್ತೆ, ಅದು ಬೋನಸ್ಸು.

ಮಧ್ಯದಲ್ಲಿ ಒಂದು ವಾರ ಎಲ್ಲಾ ಕೆಟ್ಟುಹೋಗುತ್ತೆ. ಹೋಗೇ ಹೋಗುತ್ತೆ. ಒಂದು ನಿಜವಾದ ತಪ್ಪು ಮಾಡ್ತೀರಿ, ಯಾರೋ ಎತ್ತಿ ತೋರಿಸ್ತಾರೆ, ಮತ್ತೆ 40 ನಿಮಿಷಕ್ಕೆ ವಾಪಸ್ ಹೋಗ್ತೀರಿ. ಆಗ ನೋಟ್‌ಬುಕ್ಕಿನ ಬಲಗಡೆ ಅದನ್ನೂ ಬರೀರಿ, ತಪ್ಪಾಯ್ತು, ಯಾರು ಏನಂದ್ರು, ಎಷ್ಟೊತ್ತಲ್ಲಿ ಸರಿಹೋಯ್ತು ಅಂತ. ನನ್ನ ಅನುಭವದಲ್ಲಿ ಜನ ನಿಜವಾಗಿ ತಿರುಗಿ ನಿಲ್ಲೋದು ಈ ವಾರದಲ್ಲೇ, ಯಾಕಂದ್ರೆ ತಪ್ಪು ಮಾಡಿಯೂ ಏನೂ ಮುಳುಗಲಿಲ್ಲ ಅನ್ನೋದನ್ನ ಸರಿಯಾಗಿ ಹೋದ ಮೇಲ್‌ಗಳು ಕಲಿಸಲ್ಲ.

ಇನ್ನು ದಾರಿ. ನೀವು ಮೂರು ಕೋರ್ಸ್ ಬಿಟ್ಟಿದ್ದನ್ನ ಸೋಮಾರಿತನ ಅಂತ ನಾಚ್ಕೊಂಡು ಬರೆದ ಹಾಗಿದೆ. ಮೂರನ್ನೂ ಎರಡನೇ ಮಾಡ್ಯೂಲಲ್ಲೇ ಬಿಟ್ರಿ ಅನ್ನೋದು ನನಗೆ ಕುತೂಹಲ. ಮೊದಲನೇ ಮಾಡ್ಯೂಲ್ ಯಾವಾಗ್ಲೂ ಕನಸು ಮಾರೋದು, ಏನೆಲ್ಲ ಮಾಡ್ಬಹುದು ಅಂತ. ಎರಡನೇದ್ರಲ್ಲಿ ಅಸೈನ್‌ಮೆಂಟ್ ಬರುತ್ತೆ, ಅದನ್ನ ಸಬ್ಮಿಟ್ ಮಾಡ್ಬೇಕು, ಯಾರೋ ನೋಡ್ತಾರೆ. ಮತ್ತೆ ಅದೇ ಕುರ್ಚಿ! ಮೇಲ್ ನಿಂತ ಜಾಗದಲ್ಲೇ ಕೋರ್ಸೂ ನಿಂತಿದೆ. ಅದಕ್ಕೇ ನಾನು ಮೇಲ್ ಮೊದಲು ಹಿಡಿದಿದ್ದು, ಅದು ಬಗೆಹರಿಯದೆ ಯಾವ ಫೀಲ್ಡಿಗೆ ಹೋದ್ರೂ ಎರಡನೇ ಮಾಡ್ಯೂಲ್ ಬಂದೇ ಬರುತ್ತೆ.

ಅದೂ ಅಲ್ದೆ, ಒಂದು ಕೆಲಸ ನಮಗೆ ಹಿಡಿಸುತ್ತಾ ಅಂತ ತಿಳ್ಕೊಳ್ಳೋಕೆ ಕೋರ್ಸ್ ಅನ್ನೋದು ಉದ್ದದ ದಾರಿ. ದೂರದ ಬೆಟ್ಟ ನುಣ್ಣಗೆ, ಕೋರ್ಸಿನ ವಿಡಿಯೋ ಇನ್ನೂ ನುಣ್ಣಗೆ. ಆ ಕೆಲಸ ಮಾಡ್ತಿರೋ ನಾಲ್ಕೈದು ಜನರ ಜೊತೆ ಇಪ್ಪತ್ತು ಇಪ್ಪತ್ತು ನಿಮಿಷ ಮಾತಾಡಿ, "ಕೆಲಸ ಹೆಂಗಿದೆ" ಅಂತ ಕೇಳ್ಬೇಡಿ, ಚೆನ್ನಾಗಿದೆ ಅಂತಾರೆ ಇಲ್ಲಾ ಬೇಜಾರು ಅಂತಾರೆ, ಮುಗೀತು. "ಹೋದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನ್ ಮಾಡಿದ್ರಿ" ಅಂತ ಕೇಳಿ. ಡೇಟಾ ಸೈನ್ಸ್ ಅಂತ ಕನಸು ಕಂಡವ್ರಿಗೆ ಆ ಮಂಗಳವಾರದ ದೊಡ್ಡ ಭಾಗ ಡೇಟಾ ತೊಳೆಯೋದ್ರಲ್ಲೇ (ಅಂದ್ರೆ ತಪ್ಪು, ಖಾಲಿ ಎಂಟ್ರಿ ಹುಡುಕಿ ಸರಿ ಮಾಡೋದ್ರಲ್ಲೇ) ಹೋಯ್ತು ಅಂತ ಕೇಳಿದಾಗ ಒಬ್ಬರ ಮುಖ ಇಳಿಯುತ್ತೆ, ಇನ್ನೊಬ್ಬರ ಮುಖ ಅರಳುತ್ತೆ. ನಿಮ್ಮದು ಏನಾಗುತ್ತೆ ನೋಡ್ಕೊಳ್ಳಿ.

ಇಂಥವ್ರನ್ನ ಎಲ್ಲಿಂದ ಹುಡುಕೋದು ಅಂದ್ರೆ ಹತ್ತಿರದವ್ರ ಹತ್ರ ನಿಲ್ಲಿಸ್ಬೇಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಬಂಧದಲ್ಲಿ, ಪರಿಚಯದವ್ರ ಮೂಲಕ ಕೆಲಸ ಸಿಕ್ಕವ್ರನ್ನ ಕೇಳಿದಾಗ, ಪದೇ ಪದೇ ಸಿಗೋ ಆಪ್ತರಿಂದ ಸಿಕ್ಕಿದ್ದು ನೂರಕ್ಕೆ ಸುಮಾರು 17 ಜನಕ್ಕೆ ಮಾತ್ರ, ಉಳಿದವ್ರಿಗೆ ಆಗೊಮ್ಮೆ ಈಗೊಮ್ಮೆ ಸಿಗೋರು, ಅಪರೂಪಕ್ಕೆ ಸಿಗೋರ ಮೂಲಕ ಅಂತ ಇದೆ. ಸಣ್ಣ ಸ್ಯಾಂಪಲ್ಲೇ, ಆದ್ರೆ ತರ್ಕ ಸರಳ: ಆಪ್ತರಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ. ಹಳೇ ಟೀಮಲ್ಲಿದ್ದು ಈಗ ಎಲ್ಲೋ ಇರೋರು, ಒಂದು ಟ್ರೈನಿಂಗಲ್ಲಿ ಪಕ್ಕ ಕೂತಿದ್ದೋರು, ಅವ್ರಿಗೆ ಒಂದು ಮೆಸೇಜ್ ಹಾಕಿ. (ಅದನ್ನೂ ಎರಡೇ ಸಲ ಓದಿ ಕಳಿಸೋದು.)

ಇದಕ್ಕಿಂತ ಮುಂಚೆ, ಬಿಡ್ಬೇಕು ಅಂತಿರೋ ಕೆಲಸದ ಬಗ್ಗೆ ನಿಮಗೇ ಸರಿಯಾಗಿ ಗೊತ್ತಾ ಅಂತ ನೋಡಿ. ಎರಡು ವಾರ, ಗಂಟೆಗೊಂದ್ಸಲ, ಏನ್ ಮಾಡ್ತಿದ್ರಿ ಅಂತ ಎರಡು ಪದ, ಪಕ್ಕದಲ್ಲಿ ಪ್ಲಸ್ ಇಲ್ಲಾ ಮೈನಸ್. ಕಾರಣ ಬರೀಬೇಡಿ, ಕಾರಣ ಹುಡುಕೋಕೆ ಶುರುಮಾಡಿದ್ರೆ ಮನಸ್ಸು ಕಥೆ ಕಟ್ಟುತ್ತೆ. ಎರಡು ವಾರ ಆದ್ಮೇಲೆ ಎಣಿಸಿ. "ಈ ಫೀಲ್ಡೇ ಬೇಡ" ಅಂತ ಬಂದವ್ರಲ್ಲಿ ಸುಮಾರು ಜನಕ್ಕೆ ಬೇಡ ಆಗಿರೋದು ಕೆಲಸದ ಒಂದು ತುಂಡು ಮಾತ್ರ, ಅದು ಇಡೀ ದಿನಕ್ಕೆ ಬಣ್ಣ ಬಳಿದಿರುತ್ತೆ. ನಿಮ್ಮ ಪತ್ರ ನೋಡಿದ್ರೆ ಲೆಕ್ಕದ ತಪ್ಪು ಹಿಡಿಯೋದು ಪ್ಲಸ್, ಹೇಳ್ಕೊಡೋದು ಪ್ಲಸ್, ಮೇಲಿನವ್ರ ಮುಂದೆ ನಿಲ್ಲೋದು ಮೈನಸ್ ಬರುತ್ತೆ ಅಂತ ನನ್ನ ಊಹೆ. ಊಹೆ ತಪ್ಪಿದ್ರೆ ಪುಟಾನೇ ಹೇಳುತ್ತೆ.

ಅದ್ರ ಜೊತೆ ಇನ್ನೊಂದು ಹೋಲಿಕೆ. ಹ್ಯಾಕ್‌ಮನ್ ಮತ್ತು ಓಲ್ಡಮ್ ಅನ್ನೋ ಸಂಶೋಧಕರು 1976ರಲ್ಲಿ, ಒಂದು ಕೆಲಸ ಮನಸ್ಸಿಗೆ ಹಿಡಿಸೋಕೆ ಐದು ಗುಣ ಬೇಕು ಅಂತ ಒಂದು ಮಾದರಿ ಕೊಟ್ರು: ಬೇರೆ ಬೇರೆ ಕೌಶಲ ಬಳಕೆ ಆಗ್ಬೇಕು, ಒಂದು ಕೆಲಸ ತಲೆಯಿಂದ ಬಾಲದವರೆಗೆ ನಮ್ಮದಾಗಿರ್ಬೇಕು, ಅದ್ರಿಂದ ಯಾರಿಗೋ ಉಪಯೋಗ ಆಗ್ಬೇಕು, ಹೆಂಗೆ ಮಾಡ್ಬೇಕು ಅನ್ನೋದ್ರಲ್ಲಿ ನಮ್ಮ ಮಾತು ನಡೀಬೇಕು, ಮಾಡಿದ್ದು ಹೆಂಗಾಯ್ತು ಅಂತ ಕೆಲಸದಿಂದಲೇ ಗೊತ್ತಾಗ್ಬೇಕು. ನಿಮ್ಮ ಮೊದಲ 8 ವರ್ಷ ಒಂದು ಕಾಲಮ್ಮು, ಆಮೇಲಿನ ಎರಡೂವರೆ ಇನ್ನೊಂದು, ಈಗಿನ 7 ತಿಂಗಳು ಮೂರನೇದು. ಐದಕ್ಕೂ ಟಿಕ್ ಹಾಕ್ತಾ ಹೋಗಿ. ಎರಡನೇ ಕಾಲಮ್ಮಲ್ಲಿ ಸತ್ತಿದ್ದು ಬರೀ ಕೊನೇ ಎರಡು ಆಗಿದ್ರೆ, ಅಂದ್ರೆ ಸ್ವಾತಂತ್ರ್ಯ ಮತ್ತೆ ಸರಿಯಾದ ಫೀಡ್‌ಬ್ಯಾಕು, ಅದನ್ನ ಕೊಂದಿದ್ದು ಒಬ್ಬ ಮನುಷ್ಯ, ಫೀಲ್ಡ್ ಅಲ್ಲ. ಮೊದಲ ಕಾಲಮ್ಮಲ್ಲೇ ಮೂರು ಖಾಲಿ ಇದ್ರೆ ಬೇರೆ ಮಾತು, ಆಗ 8 ವರ್ಷ ಚೆನ್ನಾಗಿತ್ತು ಅನ್ನೋದು ಬರೀ ಅಭ್ಯಾಸ ಆಗಿರ್ಬಹುದು.

ಕೆಲಸ ಬಿಡದೆ ಕೆಲಸದ ಆಕಾರ ಬದಲಾಯಿಸೋದೂ ಒಂದು ದಾರಿ, ಅದನ್ನ ಜನ ದಾರಿ ಅಂತಲೇ ಲೆಕ್ಕಕ್ಕೆ ತಗೊಳ್ಳಲ್ಲ. ರೆಸ್ನೆಸ್ಕಿ ಮತ್ತು ಡಟನ್ ಅನ್ನೋ ಸಂಶೋಧಕರು 2001ರಲ್ಲಿ ಇದ್ರ ಬಗ್ಗೆ ಬರೆದಾಗ ಕೊಟ್ಟ ಉದಾಹರಣೆಗಳಲ್ಲಿ ಆಸ್ಪತ್ರೆ ಸ್ವಚ್ಛತಾ ಸಿಬ್ಬಂದಿ ಇದ್ರು. ಅದೇ ಹುದ್ದೆ, ಆದ್ರೆ ಕೆಲವ್ರು ನೆಲ ಒರೆಸೋದಷ್ಟೇ ನನ್ನ ಕೆಲಸ ಅಂತಿದ್ರು, ಇನ್ನು ಕೆಲವ್ರು ರೋಗಿಗಳ ಜೊತೆ, ನರ್ಸ್‌ಗಳ ಜೊತೆ ಒಡನಾಟ ಇಟ್ಕೊಂಡು ತಾವೂ ಆರೈಕೆಯ ಒಂದು ಭಾಗ ಅಂತ ಕೆಲಸಾನ ಹಿಗ್ಗಿಸ್ಕೊಂಡಿದ್ರು. ನಿಮ್ಮ ವಿಷಯದಲ್ಲಿ ಇದು ಹೊಸಬರ ಟ್ರೈನಿಂಗ್ ತಿಂಗಳಿಗೊಂದು ಸೆಷನ್ ನಾನು ತಗೋತೀನಿ ಅಂತ ಮುಂದೆ ಬರೋದಾಗಿರ್ಬಹುದು. ಟ್ರೈನಿಂಗ್ ಫೀಲ್ಡಿಗೆ ಹೋಗ್ಬೇಕಾ ಅನ್ನೋ ಪ್ರಶ್ನೆಗೂ ಅದೇ ಪರೀಕ್ಷೆ, ಕೋರ್ಸಿನ ಖರ್ಚಿಲ್ಲದೆ. ಆರು ಸೆಷನ್ ಆದ್ಮೇಲೆ ಏಳನೇದಕ್ಕೆ ನಿಮಗೆ ಮನಸ್ಸಿದ್ಯಾ ಅಂತ ನೋಡಿದ್ರಾಯ್ತು.

ಆಸಕ್ತಿ ಪರೀಕ್ಷೆಗಳ ಬಗ್ಗೆ ಎಲ್ಲರೂ ಕೇಳ್ತಾರೆ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಶುರುಮಾಡಿದ, ಜನರ ಕೆಲಸದ ಆಸಕ್ತಿಯ ಆರು ಬಗೆಯ ವಿಂಗಡಣೆ ಮೇಲೆ ನಿಂತಿರೋ ಪರೀಕ್ಷೆ ಸಿಕ್ರೆ ಮಾಡಿ, ನಿಮ್ಮ ಬಗ್ಗೆ ಮಾತಾಡೋಕೆ ನಾಲ್ಕು ಪದ ಸಿಗುತ್ತೆ. ತೀರ್ಪು ಅಂತ ತಗೋಬೇಡಿ.

ಎಷ್ಟು ದಿನ ಇದೆಲ್ಲ? ನಾನಾದ್ರೆ 6 ತಿಂಗಳು ಇಟ್ಕೊಂಡು ಕ್ಯಾಲೆಂಡರಲ್ಲಿ ತಾರೀಕು ಗುರುತು ಹಾಕ್ತೀನಿ. ಆ ತಾರೀಕಿಗೆ ಮೇಲ್ ಭಯ ಇಳಿದಿದ್ದೂ ಮೈನಸ್‌ಗಳು ಹಾಗೇ ಇದ್ರೆ, ಅದು ಫೀಲ್ಡ್ ಪ್ರಶ್ನೆನೇ, ಆಗ ಹೊರಡಿ, ಒಂದ್ಸಲಕ್ಕೆ ಒಂದೇ ಬದಲಾಯಿಸಿ. ಇದೇ ಇಂಡಸ್ಟ್ರಿಯಲ್ಲಿ ಬೇರೆ ರೋಲು, ಇಲ್ಲಾ ಇದೇ ರೋಲಲ್ಲಿ ಬೇರೆ ಇಂಡಸ್ಟ್ರಿ. ಎರಡೂ ಒಟ್ಟಿಗೆ ಬದಲಾಯಿಸಿದ್ರೆ 11 ವರ್ಷದ ಅನುಭವ ಕೈಗೆ ಸಿಗದ ಹಾಗಾಗುತ್ತೆ, ಕಾನ್ಫಿಡೆನ್ಸ್ ಈಗಷ್ಟೇ ಕಾಲೂರ್ತಿರೋರಿಗೆ ಅದು ಜಾಸ್ತಿ. ಇನ್ನೊಂದು ಮಾತು ನಿಮಗಲ್ಲ, ಇದನ್ನ ಓದ್ತಿರೋ ಬೇರೆಯವ್ರಿಗೆ: ಆ ಥರದ ಮ್ಯಾನೇಜರ್ ಇನ್ನೂ ಹೋಗಿಲ್ಲ, ದಿನಾ ಎದುರಿಗಿದಾರೆ ಅಂದ್ರೆ ಈ ನೋಟ್‌ಬುಕ್ ಪ್ರಯೋಗ ಸರಿಯಾಗಿ ನಡೆಯಲ್ಲ, ಬಲಗಡೆ ನಿಜವಾಗ್ಲೂ ಕೆಟ್ಟದ್ದೇ ಬರುತ್ತೆ. ಮೊದಲು ಟೀಮ್ ಬದಲಾವಣೆ ಕೇಳಿ, ಆಮೇಲೆ ಆತ್ಮವಿಶ್ವಾಸ.

ಹೊಸ ಮ್ಯಾನೇಜರ್‌ಗೆ ಹೇಳ್ಬೇಕಾ? ಅರ್ಧ ಹೇಳಿ. ಹಳೇ ಮ್ಯಾನೇಜರ್ ಕಥೆ ಬೇಡ, ಎಷ್ಟೇ ನಿಜ ಇದ್ರೂ ಕೇಳೋರಿಗೆ ಅದು ದೂರು ಅನ್ಸುತ್ತೆ, ಮತ್ತೆ ಅವ್ರು ನಿಮ್ಮನ್ನ ಗಾಜಿನ ಸಾಮಾನಿನ ಥರ ನೋಡೋಕೆ ಶುರುಮಾಡಿದ್ರೆ ನಿಮಗೆ ತೂಕದ ಕೆಲಸಾನೇ ಬರಲ್ಲ. "ನನ್ನಲ್ಲಿ ಕಾನ್ಫಿಡೆನ್ಸ್ ಇಲ್ಲ" ಅಂತ್ಲೂ ಬೇಡ, ಆ ಪದ ಅಪ್ರೈಸಲ್ ಫಾರ್ಮಿಗೆ ಹೋಗಿ ಕೂತ್ಕೊಂಡ್ರೆ ತೆಗೆಯೋದು ಕಷ್ಟ. ಬೇಕಾಗಿರೋದನ್ನ ಕೇಳಿ. ಹೀಗೆ: "ರಿಪೋರ್ಟ್ ಬಗ್ಗೆ ಏನಾದ್ರೂ ಸರಿಯಿಲ್ಲ ಅನ್ಸಿದ್ರೆ ಆವತ್ತೇ ಹೇಳಿ, ಯಾವ ಜಾಗದಲ್ಲಿ ಅಂತ ತೋರಿಸಿದ್ರೆ ನಾನು ಬೇಗ ಸರಿ ಮಾಡ್ತೀನಿ. ಸರಿ ಇದ್ದಾಗ್ಲೂ ಯಾವುದು ಉಪಯೋಗಕ್ಕೆ ಬಂತು ಅಂತ ಒಂದು ಸಾಲು ಹೇಳಿದ್ರೆ ಮುಂದಿನ ಸಲ ಅದನ್ನೇ ಇಟ್ಕೊಳ್ಳೋಕೆ ಅನುಕೂಲ." ಎರಡೇ ವಾಕ್ಯ. ಮೇಲ್‌ನಲ್ಲಿ ಬರೆಯೋಕೆ ಹೋಗ್ಬೇಡಿ, ಮಧ್ಯರಾತ್ರಿವರೆಗೆ ಡ್ರಾಫ್ಟಲ್ಲೇ ಇರುತ್ತೆ ಅಂತ ನಿಮಗೂ ಗೊತ್ತು ನಂಗೂ ಗೊತ್ತು. ಮುಂದಿನ ಒನ್ ಆನ್ ಒನ್‌ನಲ್ಲಿ, ಬೇರೆ ವಿಷಯ ಶುರುವಾಗೋ ಮುಂಚೆ, ಎದುರಿಗೇ ಹೇಳಿ.